ಹನ್ನೆರಡೂವರೆ ಬಸ್ಸಿನಿಂದ ಇಳಿಯದವಳು

ರಾಗಿಗುಡ್ಡ, ಶಿವಮೊಗ್ಗ
4 ಜೂನ್ 2025

ಶ್ರೀ ಉಜ್ಜನಪ್ಪನವರಿಗೆ,

ನಮಸ್ಕಾರ. ನಾನು ಕವನ. ಭದ್ರಾವತಿಯ ಜನ್ನಾಪುರದಲ್ಲಿ ನಿಮ್ಮ ಸಾಲಿನಲ್ಲೇ ಮೂರನೇ ಮನೆಯಲ್ಲಿದ್ದ ಕಾರ್ಖಾನೆಯ ರವಿಶಂಕರ ಅವರ ಮಗಳು. ನಿಮ್ಮ ವಿಳಾಸ ಕೊಟ್ಟವರು ಇಲ್ಲಿನ ಪ್ರೈವೇಟ್ ಬಸ್ ಸ್ಟ್ಯಾಂಡಿನ ಏಜೆಂಟರು. ಫೋನ್ ನಂಬರನ್ನೂ ಕೊಟ್ಟು, "ಮೂವತ್ತು ವರ್ಷ ಕಂಡಕ್ಟರಾಗಿ ಇಂಜಿನ್ ಪಕ್ಕ ನಿಂತು ಅವರ ಕಿವಿ ಹೋಗಿದೆ ಮೇಡಂ, ಫೋನಲ್ಲಿ ಬರೀ ಹಲೋ ಹಲೋ ಅಂತಾರೆ" ಎಂದರು. ಒಳ್ಳೆಯದೇ ಆಯಿತು. ನನಗೆ ಉತ್ತರ ಬರವಣಿಗೆಯಲ್ಲೇ ಬೇಕು. ಬಾಯಿಮಾತಾದರೆ ನಾಳೆ ನೀವು "ನಾನು ಹಾಗೆ ಹೇಳಲಿಲ್ಲ" ಎನ್ನಬಹುದು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮಕ್ಕಳ ರಜಾ ಚೀಟಿ ಓದಿ ಓದಿ, ಯಾವುದು ಜ್ವರ, ಯಾವುದು ಸಿನಿಮಾ ಎಂದು ಎರಡನೇ ಸಾಲಿಗೇ ಗೊತ್ತಾಗಿಬಿಡುತ್ತದೆ. ಇದನ್ನು ಮೊದಲೇ ಹೇಳಿರುತ್ತೇನೆ.

ನಿಮಗೆ ನೆನಪಿರಬೇಕು. ಅಮ್ಮ ತೀರಿಕೊಂಡ ಮೇಲೆ ದಸರೆ ರಜೆ, ಬೇಸಿಗೆ ರಜೆ ಎರಡಕ್ಕೂ ಅಪ್ಪ ನನ್ನನ್ನು ಭದ್ರಾವತಿ ಸ್ಟ್ಯಾಂಡಿಗೆ ಕರೆತಂದು, ನನ್ನ ಕೈಯನ್ನು ನಿಮ್ಮ ಕೈಯಲ್ಲಿ ಇಡುತ್ತಿದ್ದರು. ಅಮ್ಮನ ತವರು ಕಲ್ಲುಹಳ್ಳದ ಕ್ರಾಸಿನಲ್ಲಿ ನೀವು ಅದನ್ನು ರಂಗಪ್ಪಜ್ಜನ ಕೈಯಲ್ಲಿ ಇಡುತ್ತಿದ್ದಿರಿ. ನಡುವೆ ಎರಡು ಗಂಟೆಯ ದಾರಿ. ನನ್ನ ಜಾಗ ಡ್ರೈವರ್ ಪಕ್ಕದ ಬಾನೆಟ್ಟು. ಅದರ ಕಾವು ತಾಗದಿರಲಿ ಎಂದು ಟವೆಲ್ ಮಡಚಿ ಹಾಸುತ್ತಿದ್ದಿರಿ. ಕೋಳಿ ಬುಟ್ಟಿ, ಗೊಬ್ಬರದ ಚೀಲ, ಮದುವೆಗೆ ಹೊರಟವರ ಮಲ್ಲಿಗೆ, ಡೀಸೆಲ್ಲು ಎಲ್ಲದರ ವಾಸನೆ ಸೇರಿ ನನಗೆ ಹೊಟ್ಟೆ ತೊಳಸಿದರೆ ಜೇಬಿನಿಂದ ನಿಂಬೆಹಣ್ಣು ತೆಗೆದು ಮೂಸಲು ಕೊಡುತ್ತಿದ್ದಿರಿ. ಅಜ್ಜ ರಸ್ತೆ ಗ್ಯಾಂಗಿನವನು. ರಸ್ತೆ ಕೆಲಸದ ಕೆಂಪು ಬಟ್ಟೆಯನ್ನು ಕೋಲಿಗೆ ಕಟ್ಟಿಕೊಂಡು ಕ್ರಾಸಿನ ನಡುರಸ್ತೆಗೇ ಬಂದು ಬಸ್ಸು ತಡೆಯುತ್ತಿದ್ದ. ಇಡೀ ಬಸ್ಸು ನನ್ನೊಬ್ಬಳಿಗಾಗಿ ನಿಂತಿತು ಎಂದು ನಾನು ಉಬ್ಬಿಹೋಗುತ್ತಿದ್ದೆ. ಮನೆಯಲ್ಲಿ ಬಂಗಾರಮ್ಮಜ್ಜಿ ಬಚ್ಚಲ ಹಂಡೆಗೆ ಉರಿ ಹಾಕಿ, ಬಸ್ಸಿನ ಧೂಳೆಲ್ಲ ಹೋಗುವಂತೆ ನನ್ನನ್ನು ತಿಕ್ಕಲು ಕಾಯುತ್ತಿದ್ದಳು. ಅಷ್ಟು ಸುಖವನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

1997ರ ಮೇ ತಿಂಗಳಲ್ಲಿ ಒಂದು ದಿನ ನೀವು ನನ್ನನ್ನು ಅಲ್ಲಿ ಇಳಿಸಲಿಲ್ಲ. "ಅಜ್ಜ ಬಂದಿಲ್ಲ ಮಗಾ" ಎಂದು ಹೇಳಿ, ಕೊನೇ ಸ್ಟಾಪಿನವರೆಗೂ ಕರೆದೊಯ್ದು, ಅದೇ ಬಸ್ಸಿನಲ್ಲಿ ಸಂಜೆ ಏಳಕ್ಕೆ ಭದ್ರಾವತಿಗೆ ವಾಪಸ್ ತಂದಿರಿ. ಅಲ್ಲಿಂದಾಚೆ ನಾನು ಕಲ್ಲುಹಳ್ಳವನ್ನು ನೋಡಿಲ್ಲ. "ಅವರಿಗೆ ನೀನು ಬೇಡವಾದೆ, ಬಿಡು" ಎಂದರು ಅಪ್ಪ. ನಂಬಿದೆ. ಆರು ವರ್ಷದ ಮೇಲೆ ಅಜ್ಜ ಸತ್ತಾಗಲೂ ಹೋಗಲಿಲ್ಲ.

ಕಳೆದ ತಿಂಗಳು ಬೇಸಿಗೆ ಶಿಬಿರದವರು ನನ್ನ ಮಗಳು ಇಂಪನಾಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ದಿದ್ದರು. ಅವಳಿಗೂ ಈಗ ಒಂಬತ್ತು, ಆಗ ನನಗಿದ್ದಷ್ಟೇ. ಸಂಜೆ ಗೇಟಿನ ಹತ್ತಿರ ನಿಂತಿದ್ದಾಗ ಒಂದು ವಿಷಯ ತಲೆಗೆ ಬಂತು. ಬಸ್ಸಿನಲ್ಲಿ ಮಗು ಬರುತ್ತದೆ ಎಂದು ಗೊತ್ತಿದ್ದವರು ಮಾತ್ರ ಹೀಗೆ ಬಂದು ಕಾಯುತ್ತಾರೆ. ಆ ಸಂಜೆ ಅಪ್ಪ ಭದ್ರಾವತಿ ಸ್ಟ್ಯಾಂಡಿನಲ್ಲಿ ನಿಂತಿದ್ದರು. ನಾನು ಅಜ್ಜಿ ಮನೆ ಸೇರಿದ್ದೇನೆ ಎಂದುಕೊಂಡಿರಬೇಕಾಗಿದ್ದ ಮನುಷ್ಯ. ನಮಗೆ ಫೋನ್ ಇರಲಿಲ್ಲ. ನಾನು ವಾಪಸ್ ಬರುತ್ತೇನೆಂದು ಅವರಿಗೆ ಹೇಗೆ ಗೊತ್ತಾಯಿತು?

ಅಪ್ಪ ಹೋದ ವರ್ಷ ತೀರಿಕೊಂಡರು. ಕೇಳಲು ನೀವೊಬ್ಬರೇ ಉಳಿದಿರುವುದು. ಅಜ್ಜಿ ಇನ್ನೂ ಇದ್ದಾಳೆ, ಸೋಗಾನೆಯಲ್ಲಿ ನನ್ನ ಸೋದರಮಾವ ಕೃಷ್ಣಪ್ಪನ ಮನೆಯಲ್ಲಿ. ಎಂಬತ್ತೆಂಟು ವರ್ಷ. ನನ್ನನ್ನು ನೋಡಬೇಕು ಎನ್ನುತ್ತಾಳೆಂದು ಮಾವ ಮೂರು ಸಲ ಫೋನ್ ಮಾಡಿದ. ಇಪ್ಪತ್ತೆಂಟು ವರ್ಷ ಇಲ್ಲದ ನೆನಪು ಈಗೇಕೆ? ವಿಮಾನ ನಿಲ್ದಾಣ ಬಂದು ಜಮೀನಿನ ಬೆಲೆ ಏರಿದ ಮೇಲೆ ಆ ಕಡೆಯವರಿಗೆ ಹೆಣ್ಣುಮಕ್ಕಳ ಮಕ್ಕಳ ಸಹಿ ಇದ್ದಕ್ಕಿದ್ದಂತೆ ಬೇಕಾಗುತ್ತಿದೆ ಎಂದು ಕೇಳಿದ್ದೇನೆ. ನನ್ನನ್ನು ಬೇಡವೆಂದವರ ಮೆಟ್ಟಿಲು ಹತ್ತಬೇಕೋ ಬೇಡವೋ ಎನ್ನುವುದು ನಿಮ್ಮ ಉತ್ತರದ ಮೇಲಿದೆ.

ಇಂತಿ,
ಕವನ


ಜನ್ನಾಪುರ, ಭದ್ರಾವತಿ
15 ಜೂನ್ 2025

ಕವನಮ್ಮನಿಗೆ ಉಜ್ಜನಪ್ಪನ ನಮಸ್ಕಾರ.

ಕಣ್ಣಿಗೆ ಪೊರೆ ಬಂದಿದೆ. ಹಾಗಾಗಿ ನಾನು ಹೇಳಿದ್ದನ್ನು ಮೊಮ್ಮಗಳು ಅಮೂಲ್ಯಾ ಬರೆಯುತ್ತಿದ್ದಾಳೆ. ನಿಮ್ಮ ಪತ್ರವನ್ನು ಓದಿದವಳೂ ಅವಳೇ. ನನ್ನ ಕಿವಿಗೆ ಬಾಯಿಟ್ಟು ಕೂಗಿ ಓದಿದ್ದರಿಂದ ಪಕ್ಕದ ಮನೆಯ ತಮಿಳು ಅಜ್ಜಿಗೂ ನಿಮ್ಮ ಕ್ಷೇಮ ಸಮಾಚಾರ ತಿಳಿಯಿತು. ಬಾನೆಟ್ಟಿನ ಮೇಲೆ ಕೂತು ಡ್ರೈವರಿಗೇ "ಹಾರನ್ ಹೊಡಿ" ಎಂದು ಆರ್ಡರ್ ಮಾಡುತ್ತಿದ್ದ ಆ ಹುಡುಗಿ ಟೀಚರ್ ಆಗಿದ್ದಾಳೆಂದರೆ ಏನೂ ಆಶ್ಚರ್ಯವಿಲ್ಲ.

ಈಗ ಬಸ್ಸೆಲ್ಲಿ, ಕಂಡಕ್ಟರ್ ಎಲ್ಲಿ ಮಾರಾಯ್ತಿ. ನಮ್ಮ ಕಾಲದಲ್ಲಿ ಅರ್ಧ ಊರಿನ ಸಂಸಾರ ಕಂಡಕ್ಟರ್ ಕೈಯಲ್ಲೇ ನಡೆಯುತ್ತಿತ್ತು. ಊಟದ ಡಬ್ಬಿ, ಬಾಣಂತಿಯ ಔಷಧಿ, ಲಗ್ನಪತ್ರಿಕೆ, ಸಾವಿನ ಸುದ್ದಿ, ನಿಮ್ಮಂಥ ಮಕ್ಕಳು. ಟಿಕೆಟ್ ಹರಿಯುವುದು ಹೆಸರಿಗೆ. ಮಕ್ಕಳ ವಿಷಯದಲ್ಲಿ ನಮಗೆ ಒಂದೇ ಕಟ್ಟಳೆ. ಕೈಯಿಂದ ಕೈಗೆ. ತೆಗೆದುಕೊಳ್ಳುವ ಕೈ ಸ್ಟಾಪಿನಲ್ಲಿ ಇಲ್ಲದಿದ್ದರೆ, ಮನೆ ಕಣ್ಣಿಗೆ ಕಾಣುತ್ತಿದ್ದರೂ ಇಳಿಸುವಂತಿಲ್ಲ. ಅವತ್ತು ನಿಮ್ಮಜ್ಜ ಬಂದಿರಲಿಲ್ಲ, ಇಳಿಸಲಿಲ್ಲ. ಗ್ಯಾಂಗಿನ ಕೆಲಸಕ್ಕೆ ದೂರ ಹಾಕಿದ್ದರೋ ಏನೋ.

ನಿಮ್ಮಪ್ಪ ಸ್ಟ್ಯಾಂಡಿನಲ್ಲಿದ್ದದ್ದು ದೊಡ್ಡ ವಿಷಯವಲ್ಲ. ನನ್ನ ಬಸ್ಸಿನಲ್ಲಿ ಹಳ್ಳಿ ಕಡೆಯ ಸೊಪ್ಪು, ತರಕಾರಿ ಬರುತ್ತಿತ್ತಲ್ಲ, ದಿನಾ ಸಂಜೆ ಅವನು ಬಂದೇ ಬರುತ್ತಿದ್ದ. ಹಳೆಯದನ್ನು ಕೆದಕಿ ಫಲವೇನು? ಬಂಗಾರಮ್ಮ ಕರೆದಿದ್ದಾಳೆಂದರೆ ಹೋಗಿ ಬನ್ನಿ. ಹಿರಿಯ ಜೀವ.

ಉಜ್ಜನಪ್ಪ


ರಾಗಿಗುಡ್ಡ, ಶಿವಮೊಗ್ಗ
18 ಜೂನ್ 2025

ಶ್ರೀ ಉಜ್ಜನಪ್ಪನವರಿಗೆ,

ಪತ್ರ ತಲುಪಿತು. ನಿಮ್ಮ ಮೊಮ್ಮಗಳ ಅಕ್ಷರ ಬಹಳ ದುಂಡಗಿದೆ, ನನ್ನ ಮೆಚ್ಚುಗೆ ತಿಳಿಸಿ. ಒಳಗಿರುವುದಕ್ಕೆ ಮಾತ್ರ ನಾನು ಮಾರ್ಕ್ಸ್ ಕೊಡಲಾರೆ.

ದಿನಾ ಸಂಜೆ ತರಕಾರಿಗೆ ಬರುತ್ತಿದ್ದರು ಎಂದಿರಿ. ಆ ವಾರ ಅಪ್ಪನಿಗೆ ಸೆಕೆಂಡ್ ಶಿಫ್ಟು. ಮಧ್ಯಾಹ್ನ ಎರಡರ ಸೈರನ್ನಿಗೆ ಒಳಗೆ ಹೋದರೆ ರಾತ್ರಿ ಹತ್ತಕ್ಕೆ ಬಿಡುವುದು. ಹಾಗೆಂದು ನನಗೆ ಹೇಗೆ ಗೊತ್ತೆಂದರೆ, ಸೆಕೆಂಡ್ ಶಿಫ್ಟಿನ ವಾರ ಎದುರುಮನೆಯ ಕರಿಯಮ್ಮ ನನಗೆ ಊಟ ಹಾಕಿ ಜೊತೆಗೆ ಇರುತ್ತಿದ್ದರು. ಹಿಂದಿನ ರಾತ್ರಿ ನನ್ನ ಬ್ಯಾಗು ತುಂಬಿಕೊಟ್ಟವರು ಅವರೇ. ಅಂದಮೇಲೆ ಅಪ್ಪ ರಜೆ ಹಾಕಿ ಬಂದು ನಿಂತಿದ್ದರು. ಸೊಪ್ಪು ಕೊಳ್ಳಲು ಯಾರಾದರೂ ಶಿಫ್ಟಿಗೆ ರಜೆ ಹಾಕುತ್ತಾರೆಯೇ?

ಇನ್ನೊಂದು. ಅಂದು ನೀವು ನನ್ನನ್ನು ಬಾನೆಟ್ಟಿನ ಮೇಲೆ ಕೂರಿಸಲಿಲ್ಲ. ನಾನು ಹತ್ತಲು ಹೋದರೆ ತೋಳು ಹಿಡಿದು, ನಾನು ಕರೆಯುವವರೆಗೂ ಏಳಬೇಡ ಎಂದು ಹಿಂದಿನ ಸೀಟಿಗೆ ಕಳಿಸಿದಿರಿ. ಬಲಗಡೆಯ ಕೊನೇ ಸೀಟು. ಅಕ್ಕಪಕ್ಕ ಮದುವೆಗೆ ಹೊರಟ ಇಬ್ಬರು ದಪ್ಪನೆಯ ಹೆಂಗಸರು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವರ ತೋಳು ಮಾತ್ರ. ಕ್ರಾಸಿನಲ್ಲಿ ಬಸ್ಸು ನಿಂತದ್ದು ಗೊತ್ತಾಯಿತು, ಯಾರು ನಿಲ್ಲಿಸಿದರೆಂದು ಕಾಣಲಿಲ್ಲ. ಮೂರು ವರ್ಷ ಇದ್ದ ಜಾಗ ಅವತ್ತೊಂದು ದಿನ ಏಕೆ ಬದಲಾಯಿತು?

ಕೊನೆಯದಾಗಿ, ನಾನು ಕೇಳದೆಯೇ ನೀವು ಕೊಟ್ಟ ಬುದ್ಧಿವಾದ, "ಹೋಗಿ ಬನ್ನಿ" ಎಂದು. ನಿಮ್ಮನ್ನು ಕೃಷ್ಣಪ್ಪ ಬಂದು ಕಂಡಿದ್ದಾನೆಯೇ? ನೇರವಾಗಿ ಹೇಳಿ. ನೀವೂ ಅವನೂ ಮಾತಾಡಿಕೊಂಡಿದ್ದರೆ ನನಗೆ ಈಗಲೇ ತಿಳಿಯುವುದು ಒಳ್ಳೆಯದು.

ಕವನ


ಜನ್ನಾಪುರ, ಭದ್ರಾವತಿ
9 ಜುಲೈ 2025

ಕವನಮ್ಮನಿಗೆ,

ತಡವಾಯಿತು. ಕಣ್ಣಿನ ಆಪರೇಷನ್ ಆಯಿತು, ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದೆ. ನಿಮ್ಮ ಕೃಷ್ಣಪ್ಪನನ್ನು ನೋಡಿ ಹದಿನೈದು ವರ್ಷವಾಗಿರಬೇಕು. ದೇವರಾಣೆ, ನನಗೂ ಅವನಿಗೂ ಮಾತಿಲ್ಲ.

ನಿಮ್ಮ ಹತ್ತಿರ ಮುಚ್ಚಿಡುವುದು ಕಷ್ಟ. ಆಗ ನಿಮ್ಮಪ್ಪನಿಗೆ ಎರಡನೇ ಮದುವೆ ಗೊತ್ತಾಗಿತ್ತು. ಕಲ್ಲುಹಳ್ಳದವರಿಗೆ ಅದು ಸರಿ ಬರಲಿಲ್ಲ, ಅಜ್ಜ ಈ ಸಲ ಮಗುವನ್ನು ಕರೆದುಕೊಳ್ಳಲು ಬರುತ್ತಾನೋ ಇಲ್ಲವೋ ಎಂದು ಅವನಿಗೆ ಅನುಮಾನವಿತ್ತು. "ಅಜ್ಜ ಬರದಿದ್ರೆ ವಾಪಸ್ ಕರ್ಕೊಂಬಾ, ನಾನು ಸ್ಟ್ಯಾಂಡಲ್ಲಿ ಇರ್ತೀನಿ" ಎಂದು ಹೇಳಿದ್ದ. ಅಜ್ಜ ಬರಲಿಲ್ಲ. ಅವನು ಹೇಳಿದ ಹಾಗೆ ಮಾಡಿದೆ. ಬಾನೆಟ್ಟಿನ ಮೇಲೆ ಅವತ್ತು ಮದುವೆಯವರ ಪಾತ್ರೆ ಇತ್ತು.

ನಿಮ್ಮಪ್ಪ ಕೆಟ್ಟವನಲ್ಲ. ಹೋದವರ ಬಗ್ಗೆ ಈಗ ಯಾಕೆ ಮಾತು? ಇಷ್ಟಕ್ಕೇ ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಅಮೂಲ್ಯಾಳಿಗೆ ಪರೀಕ್ಷೆ ಹತ್ತಿರ ಬಂತು, ಪದೇ ಪದೇ ಬರೆಯಲು ಕೂರಿಸುವುದಕ್ಕೆ ನನಗೂ ಸಂಕೋಚ.

ಉಜ್ಜನಪ್ಪ


ರಾಗಿಗುಡ್ಡ, ಶಿವಮೊಗ್ಗ
12 ಜುಲೈ 2025

ಉಜ್ಜನಪ್ಪನವರೇ,

ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲನ್ನು ಹೊಡೆದುಹಾಕಿದೆ. ಮೊಮ್ಮಗಳು ಬರೆದುಕೊಂಡ ಮೇಲೆ ನೀವು ಹೊಡೆಸಿದ್ದೀರಿ. ಅವಳು ಒಳ್ಳೆಯ ಹುಡುಗಿ, ಒಂದೇ ಗೆರೆ ಎಳೆದಿದ್ದಾಳೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. "ಕೆಂಪು ಬಟ್ಟೆ ಹಿಡಿದುಕೊಂಡು" ಎಂದಿದೆ. ಬರದೇ ಇದ್ದ ಮನುಷ್ಯ ಕೆಂಪು ಬಟ್ಟೆ ಹಿಡಿದುಕೊಂಡು ಎಲ್ಲಿ ನಿಂತಿದ್ದ?

ಅಜ್ಜ ಬಂದಿದ್ದ. ಬಸ್ಸು ನಿಂತದ್ದು ಅವನಿಗಾಗಿ. ಇಷ್ಟು ನನಗೆ ಈಗ ಗೊತ್ತು. ಗೊತ್ತಿಲ್ಲದ್ದು ಒಂದೇ. ಬಂದವನು ನನ್ನನ್ನು ಏಕೆ ಕರೆದುಕೊಳ್ಳಲಿಲ್ಲ? "ಇವಳು ಬೇಡ, ತಗೊಂಡು ಹೋಗು" ಎಂದನೇ? ಇಷ್ಟು ವರ್ಷ ನಾನು ಅಂದುಕೊಂಡದ್ದು ಅವನು ಮನೆಯಲ್ಲೇ ಕೂತ ಎಂದು. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಕ್ರಾಸಿನವರೆಗೂ ನಡೆದು ಬಂದು, ಬಸ್ಸು ನಿಲ್ಲಿಸಿ, ನನ್ನನ್ನು ಬೇಡವೆಂದು ಕಳಿಸಿದನೆಂದರೆ ನನ್ನಿಂದ ತಡೆಯಲಾಗುವುದಿಲ್ಲ. ನಿಮ್ಮ ಪತ್ರ ಬಂದಾಗಿನಿಂದ ನಾನು ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನನಗೇ ತಿಳಿಯದು.

ನಿನ್ನೆ ಮಾವ ಮತ್ತೆ ಫೋನ್ ಮಾಡಿದ್ದ. ಅಜ್ಜಿ ಎರಡು ದಿನದಿಂದ ಗಂಜಿಯನ್ನೂ ಮುಟ್ಟುತ್ತಿಲ್ಲವಂತೆ. "ಒಂದ್ಸಲ ಬಂದು ಹೋಗೇ ಮಾರಾಯ್ತಿ, ಏನೋ ಕೇಳ್ಬೇಕಂತೆ ನಿನ್ನ, ನಮ್ಮತ್ರ ಬಾಯಿ ಬಿಡಲ್ಲ" ಎಂದ. ಏನು ಕೇಳಬೇಕೋ, ಯಾವ ಕಾಗದ ಮುಂದಿಡುತ್ತಾರೋ. ಹೋಗದಿದ್ದರೆ ಮುದುಕಿ ಸಾಯುತ್ತಾಳೆ. ಹೋದರೆ, ನನ್ನನ್ನು ಬಸ್ಸಿನಲ್ಲೇ ಬಿಟ್ಟವರ ಕಾಲಿಗೆ ನಮಸ್ಕಾರ ಮಾಡಬೇಕು. ನನ್ನ ಸ್ಥಿತಿ ನಿಮಗೆ ಅರ್ಥವಾದರೆ ನಿಜ ಬರೆಯಿರಿ. ಇನ್ನೊಂದು ಸುಳ್ಳು ಬರೆಯುವುದಾದರೆ ಅಂಚೆ ಚೀಟಿ ದಂಡ ಮಾಡಬೇಡಿ.

ಕವನ


ಭದ್ರಾವತಿ
22 ಜುಲೈ 2025

ಕವನಮ್ಮ,

ಇದು ನನ್ನ ಸ್ವಂತ ಕೈಬರಹ. ಒಂದು ಕಣ್ಣಿನ ಕಟ್ಟು ಬಿಚ್ಚಿದ್ದಾರೆ. ನಾಲ್ಕು ದಿನದಿಂದ ದಿನಕ್ಕಿಷ್ಟು ಎಂದು ಬರೆಯುತ್ತಿದ್ದೇನೆ. ಅಮೂಲ್ಯಾಳಿಗೆ ಇದನ್ನು ಹೇಳಿ ಬರೆಸಲು ನನ್ನ ನಾಲಿಗೆ ಏಳಲಿಲ್ಲ. ಅವಳು ನನ್ನನ್ನು ಬಹಳ ಒಳ್ಳೆಯವನೆಂದು ತಿಳಿದಿದ್ದಾಳೆ. ಸಾಲು ಡೊಂಕಾಗಿದ್ದರೆ ಮಾಫಿ ಇರಲಿ.

ನಿಮ್ಮಜ್ಜ ಬೇಡ ಅನ್ನಲಿಲ್ಲ.

ಮದುವೆ ಗೊತ್ತಾದ ಮೇಲೆ ನಿಮ್ಮಪ್ಪನಿಗೆ ಒಂದು ಭಯ ಹಿಡಿಯಿತು. ಅಜ್ಜಿ ಮನೆಯಿಂದ ಬಂದಾಗಲೆಲ್ಲ ನೀವು ವಾರಗಟ್ಟಲೆ ಅಳುತ್ತಿದ್ದಿರಿ, ಅಲ್ಲೇ ಶಾಲೆಗೆ ಸೇರುತ್ತೇನೆ ಎನ್ನುತ್ತಿದ್ದಿರಿ. ಅಜ್ಜನೂ ಅದನ್ನೇ ಹೇಳಿ ಕಳಿಸಿದ್ದ. ಕಳಿಸುವುದಿಲ್ಲ ಎಂದರೆ ನೀವು ಊಟ ಬಿಡುತ್ತಿದ್ದಿರಿ, ಅಜ್ಜ ಮನೆ ಬಾಗಿಲಿಗೆ ಬರುತ್ತಿದ್ದ. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ನಿಮ್ಮಪ್ಪ ಹೇಳಿದ, "ಉಜ್ಜಣ್ಣ, ಒಂದೇ ಸಲ ನನಗೋಸ್ಕರ ಮಾಡು. ಮಗೂಗೆ ಅಜ್ಜ ಬಂದಿಲ್ಲ ಅನ್ನು, ಅಜ್ಜಂಗೆ ಮಗು ಬರಲ್ಲ ಅಂತು ಅನ್ನು. ಎರಡೂ ಕಡೆ ಮನಸ್ಸು ತಾನಾಗೇ ನಿಲ್ಲುತ್ತೆ. ಇಲ್ದಿದ್ರೆ ನನ್ನ ಮಗಳು ನಂಗೆ ಉಳಿಯಲ್ಲ." ಹೇಳಿ ಅತ್ತ. ಹೆಂಡತಿ ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಮಗು ಅಪ್ಪನ ಹತ್ತಿರವಿರುವುದೇ ಸರಿ ಎಂದು ನನಗೂ ಅನಿಸಿತು. ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡೆ.

ಅಜ್ಜ ನಡುರಸ್ತೆಯಲ್ಲಿ ಕೆಂಪು ಬಟ್ಟೆ ಹಿಡಿದುಕೊಂಡು ನಿಂತಿದ್ದ. ನಾನು ಮುಂದಿನ ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತೆ. "ಮಗು ಹಿಂದೆ ಕೂತಿದೆ ರಂಗಪ್ಪ, ಇಳಿಯಲ್ಲ ಅಂತಿದೆ. ಅಜ್ಜಿ ಮನೆ ಬೇಡ್ವಂತೆ" ಎಂದೆ. ಅವನು ನಕ್ಕ. ತಮಾಷೆ ಅಂದುಕೊಂಡ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಒಂದ್ಸಲ ಮುಖ ನೋಡ್ತೀನಿ, ಬಲವಂತ ಮಾಡಲ್ಲ" ಎಂದು ಮೆಟ್ಟಿಲ ಮೇಲೆ ಕಾಲಿಟ್ಟ. ನಾನು ಎರಡು ವಿಷಲ್ ಹೊಡೆದೆ. ಎರಡು ವಿಷಲ್ ಅಂದರೆ ಹೊರಡು ಎಂದು. ಡ್ರೈವರ್ ಗೇರ್ ಹಾಕಿದ. ಅಜ್ಜ ಕಾಲು ತೆಗೆದ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆ ರಜೆ ಮುಗಿಯುವವರೆಗೂ ಅವನು ದಿನಾ ಹನ್ನೆರಡೂವರೆ ಬಸ್ಸಿಗೆ ಬಂದು ನಿಂತ. "ಇವತ್ತಾದ್ರೂ ಮನಸ್ಸು ಮಾಡಿದ್ಳಾ?" ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಶಾಲೆ ಶುರುವಾದ ಮೇಲೆ ನಿಲ್ಲಿಸಿದ. ಮಾರನೇ ವರ್ಷದಿಂದ, ಅವನು ಸಾಯುವವರೆಗೂ, ಪ್ರತಿ ಬೇಸಿಗೆಯಲ್ಲಿ ಬಂಗಾರಮ್ಮ ಹಲಸಿನ ಹಪ್ಪಳದ ಕಟ್ಟು ಕಳಿಸುತ್ತಿದ್ದಳು, ಮಗುವಿಗೆ ಕೊಡಿ ಎಂದು. ಮೊದಲ ಸಲ ನಿಮ್ಮಪ್ಪನಿಗೆ ತಂದುಕೊಟ್ಟೆ. ಬಿಸಾಕು ಎಂದ. ಕೈಯಿಂದ ಕೈಗೆ ಎಂದು ನಿಮಗೆ ದೊಡ್ಡದಾಗಿ ಬರೆದೆನಲ್ಲ, ಆ ಹಪ್ಪಳ ನಿಮ್ಮ ಕೈಗೆ ಬರಲಿಲ್ಲ. ಬಿಸಾಡಲು ನನಗೆ ಮನಸ್ಸಾಗಲಿಲ್ಲ. ನನ್ನ ಮಕ್ಕಳು ತಿಂದರು. ನಾನೂ ತಿಂದೆ.

ನಿಮ್ಮಜ್ಜಿ ಕರೆಯುತ್ತಿರುವುದು ಯಾಕೆಂದು ನನಗೆ ಗೊತ್ತಿಲ್ಲ. ಆದರೆ ಅವರು ನಿಮ್ಮನ್ನು ಬಿಟ್ಟವರಲ್ಲ. ಅವರನ್ನು ಬಿಟ್ಟವಳು ನೀವು ಎಂದು ತಿಳಿದಿರುವವರು. ಹೋಗಿ. ನನ್ನ ಬಗ್ಗೆ ಏನು ಬೇಕಾದರೂ ಹೇಳಿ. ಅಮೂಲ್ಯಾಳಿಗೆ ಮಾತ್ರ ಬರೆಯಬೇಡಿ.

ಉಜ್ಜನಪ್ಪ


ರಾಗಿಗುಡ್ಡ, ಶಿವಮೊಗ್ಗ
29 ಜುಲೈ 2025

ಉಜ್ಜನಪ್ಪನವರೇ,

ನಿಮ್ಮ ಪತ್ರ ಶುಕ್ರವಾರ ಬಂತು. ಅಪ್ಪನ ಫೋಟೋವನ್ನು ಗೋಡೆಯಿಂದ ತೆಗೆದೆ. ಶನಿವಾರ ಮತ್ತೆ ಹಾಕಿದೆ. ಅವರ ಮೇಲೆ ಬಂದ ಸಿಟ್ಟು ಇಳಿದಿದೆ ಎಂದಲ್ಲ. ತಾತನ ಫೋಟೋ ಎಲ್ಲಿ ಎಂದು ಇಂಪನಾ ಕೇಳಿದಳು, ಅದಕ್ಕೆ. ನಿಮ್ಮ ಮೇಲಿನ ಸಿಟ್ಟಿಗೆ ಗೋಡೆಯೂ ಇಲ್ಲ, ಫೋಟೋವೂ ಇಲ್ಲ.

ಭಾನುವಾರ ಇಂಪನಾಳನ್ನು ಕರೆದುಕೊಂಡು ಸೋಗಾನೆಗೆ ಹೋದೆ. ನಿಮ್ಮ ಪತ್ರ ಬ್ಯಾಗಿನಲ್ಲಿತ್ತು. ಅಜ್ಜಿಯ ಮುಂದೆ ಅದನ್ನು ಮೊದಲಿನಿಂದ ಕೊನೆಯವರೆಗೂ ಓದಬೇಕು, ನನ್ನದು ತಪ್ಪಿಲ್ಲವೆಂದು ಅವಳಿಗೆ ಗೊತ್ತಾಗಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಮಾವ ಕಾಫಿ ಕೊಟ್ಟ. ನಾನು ಕಾಗದ ಪತ್ರ ಎಲ್ಲಿದೆ ಎಂದು ಟಿವಿಯ ಕೆಳಗೆ, ದಿಂಬಿನ ಪಕ್ಕ ಎಲ್ಲ ಕಣ್ಣಾಡಿಸಿದೆ. ಎಲ್ಲೂ ಇರಲಿಲ್ಲ. ಆ ಮನುಷ್ಯ ನನ್ನ ಮಗಳಿಗೆ ಮಹಡಿಯಿಂದ ವಿಮಾನ ತೋರಿಸಿಕೊಂಡು ಬಂದ, ಅಷ್ಟೇ. ನನಗೆ ನಾಚಿಕೆಯಾಯಿತು.

ಅಜ್ಜಿ ಮಂಚದಲ್ಲಿ ಒಂದು ಹಿಡಿಯಷ್ಟಾಗಿದ್ದಾಳೆ. ಎಲ್ಲರನ್ನೂ ಹೊರಗೆ ಕಳಿಸಿದಳು. ನನ್ನ ಮೊಣಕೈ ಹಿಡಿದುಕೊಂಡು ಕೇಳಿದಳು, "ಅವತ್ತು ಯಾಕೆ ಇಳೀಲಿಲ್ಲ ಮಗಾ ನೀನು? ಆಮೇಲಿಂದು ನಂಗೊತ್ತು, ನಿಮ್ಮಪ್ಪ ಕಳಿಸ್ಲಿಲ್ಲ. ಅವತ್ತಿಂದೊಂದು ಹೇಳು. ನಾನೇನಾದ್ರೂ ಅಂದಿದ್ನಾ ನಿಂಗೆ?"

ಸಹಿಯಲ್ಲ, ಜಮೀನಲ್ಲ. ಇಪ್ಪತ್ತೆಂಟು ವರ್ಷ ಅವಳು ಇಟ್ಟುಕೊಂಡು ಕೂತದ್ದು ಇದೊಂದೇ ಪ್ರಶ್ನೆ. ನಾನು ಅವರನ್ನು ಅನುಮಾನಿಸಿದಷ್ಟು ವರ್ಷ ಅವಳು ತನ್ನನ್ನೇ ಅನುಮಾನಿಸಿಕೊಂಡಿದ್ದಳು.

ಬ್ಯಾಗಿಗೆ ಕೈ ಹಾಕಿದೆ, ಪತ್ರ ಬೆರಳಿಗೆ ಸಿಕ್ಕಿತು. ಓದಿದರೆ ಅವಳ ಗಂಡ ಮೆಟ್ಟಿಲ ಮೇಲೆ ಕಾಲಿಟ್ಟದ್ದನ್ನೂ ಓದಬೇಕು, ತೆಗೆದದ್ದನ್ನೂ ಓದಬೇಕು. ನಾನು ಹತ್ತು ಹೆಜ್ಜೆ ದೂರದಲ್ಲಿ ಅವನಿಗಾಗಿ ಕಾಯುತ್ತಾ ಕೂತಿದ್ದೆ ಎಂದು ಹೇಳಬೇಕು. ಈ ವಯಸ್ಸಿನಲ್ಲಿ ಅವಳು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಕೈ ಹೊರಗೆ ತೆಗೆದೆ.

"ನಿದ್ದೆ ಬಂದಿತ್ತು ಅಜ್ಜಿ" ಎಂದೆ. "ಕಂಡಕ್ಟರ್ ಎಬ್ಬಿಸಿದ್ರು, ನಿದ್ದೆಗಣ್ಣಲ್ಲಿ ಬೇಡ ಅಂದುಬಿಟ್ಟೆ. ಎಚ್ಚರ ಆದಾಗ ಬಸ್ಸು ಮುಂದೆ ಹೋಗಿತ್ತು."

ಅವಳು ಮಂಚದ ಮೇಲೆ ಕೈಯಿಂದ ಬಡಿದು ನಕ್ಕಳು. "ನಾನ್ ಹೇಳ್ದೆ! ನಾನ್ ಹೇಳ್ದೆ ಆ ಮುದುಕಂಗೆ, ಬಿಸ್ಲಿಗೆ ಮಗು ಮಲಗಿರ್ತದೆ, ನಿದ್ದೇಲಿ ಏನೋ ಅಂದಿರ್ತದೆ ಅಂತ. ಕೇಳ್ಲಿಲ್ಲ ಕಣೇ. ಸಾಯೋವರೆಗೂ ಕೇಳ್ಲಿಲ್ಲ." ಆಮೇಲೆ ಮಾವನನ್ನು ಕೂಗಿ ಗಂಜಿ ತರಿಸಿಕೊಂಡು ಕುಡಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತು ಬಂದೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಕ್ಷಮಿಸುತ್ತೇನೋ ಇಲ್ಲವೋ ನನಗೂ ಗೊತ್ತಿಲ್ಲ. ಆದರೆ ಒಂದು ಕೆಲಸ ಉಳಿದಿದೆ. ಹೊರಡುವಾಗ ಅಜ್ಜಿ, "ಉಜ್ಜನಪ್ಪ ಇದಾನಾ? ಒಂದ್ಸಲ ಕರ್ಕೊಂಬಾ, ಅವನ ಬಾಯಲ್ಲೂ ಕೇಳ್ತೀನಿ" ಎಂದಳು. ಅನುಮಾನಿಸುವ ಬುದ್ಧಿ ನನಗೆ ಎಲ್ಲಿಂದ ಬಂತೆಂದು ಈಗ ತಿಳಿಯಿತು.

ಬರುವ ಭಾನುವಾರ ಹತ್ತು ಗಂಟೆಗೆ ಜನ್ನಾಪುರಕ್ಕೆ ಬರುತ್ತೇನೆ, ಸಿದ್ಧವಾಗಿರಿ. ಅವಳು ಕೇಳುತ್ತಾಳೆ. ಮಗು ಮಲಗಿತ್ತು, ಎಬ್ಬಿಸಿದೆ, ನಿದ್ದೆಗಣ್ಣಲ್ಲಿ ಬೇಡ ಅಂತು ಎಂದು ಹೇಳಿ. ಅವಳ ಗಂಡನಿಗೆ ಸುಳ್ಳು ಹೇಳಿದಾಗ ನಿಮ್ಮ ಮುಖ ನೋಡಿ ಅವನು ನಗು ನಿಲ್ಲಿಸಿದ ಎಂದು ಬರೆದಿದ್ದೀರಿ. ಈ ಸಲ ಅವಳು ನಗುತ್ತಿರುವ ಹಾಗೆ ಹೇಳಿ.

ಕವನ